ಇಪ್ಪತ್ತು ವರ್ಷ ಸೇವೆ, ಕೈಯಲ್ಲಿ ಎಸ್ಸೆಸ್ಸೆಲ್ಸಿ: ಈಗ ಡಿಗ್ರಿ ಮಾಡಲೇ?

ಪ್ರಶ್ನೆ: ಸೇನೆಯ ಸಿಗ್ನಲ್ಸ್‌ನಲ್ಲಿ 20 ವರ್ಷ ಸೇವೆ ಮುಗಿಸಿ, ಹವಾಲ್ದಾರ್ ಆಗಿ ಪೆನ್ಷನ್ ಬಂದು ಎಂಟು ತಿಂಗಳಾಯಿತು. ವಯಸ್ಸು 40. ಎಸ್ಸೆಸ್ಸೆಲ್ಸಿ ಪಾಸಾಗಿದೆ, ಪಿಯುಸಿ ಫೇಲಾದ ಮೇಲೆ ಭರ್ತಿಯಾದವನು. ಮಗಳು ಈ ವರ್ಷ ಡಿಗ್ರಿಗೆ ಸೇರುತ್ತಿದ್ದಾಳೆ. ಅವಳ ಅರ್ಜಿಯಲ್ಲಿ ‘ತಂದೆಯ ವಿದ್ಯಾರ್ಹತೆ’ ಎಂಬ ಜಾಗ ಬಂದಾಗ ಪೆನ್ನು ಹಿಡಿದು ಸುಮ್ಮನೆ ಕೂತುಬಿಟ್ಟೆ. ಪರಿಚಯದ ಏಜೆಂಟರೊಬ್ಬರು ‘ಒನ್ ಸಿಟ್ಟಿಂಗ್’ನಲ್ಲಿ (ಎಲ್ಲ ವರ್ಷಗಳ ಪರೀಕ್ಷೆ ಒಂದೇ ಸಲ) ಮೂರೇ ತಿಂಗಳಿಗೆ, 2012ರಲ್ಲಿ ಪಾಸಾದಂತೆ ಬಿ.ಎ. ರೆಗ್ಯುಲರ್ ಡಿಗ್ರಿ ಕೊಡಿಸುತ್ತೇನೆ ಎಂದಿದ್ದಾರೆ. ಒಟ್ಟು 85,000 ರೂಪಾಯಿ, 10,000 ಮುಂಗಡ ಕೊಟ್ಟಾಗಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಅಸಲು ಪ್ರತಿಯೂ ಅವರ ಬಳಿಯೇ ಇದೆ. ಜೊತೆಯಲ್ಲಿದ್ದವರು ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್‌ಎ ಮಾಡು ಎನ್ನುತ್ತಾರೆ. ಹೆಂಡತಿ, ಈ ವಯಸ್ಸಿನಲ್ಲಿ ಓದಿ ಯಾರಿಗೆ ತೋರಿಸಬೇಕು, ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ಬಂದಿದೆಯಲ್ಲ, ಸೇರಿಕೊಳ್ಳಿ ಎನ್ನುತ್ತಾಳೆ. ಡಿಸ್ಚಾರ್ಜ್ ವೇಳೆ ಕೊಟ್ಟ ‘ಗ್ರ್ಯಾಜುಯೇಷನ್ ಸರ್ಟಿಫಿಕೇಟ್’ ಫೈಲಿನಲ್ಲಿದೆ. ಅದು ನಿಜವಾದ ಡಿಗ್ರಿ ಅಲ್ಲ ಎಂದು ಎಲ್ಲರೂ ನಗುತ್ತಾರೆ. ಏನು ಮಾಡಲಿ?

ಉತ್ತರ: ನಾಳೆ ಬೆಳಿಗ್ಗೆ ಏಜೆಂಟರ ಬಳಿ ಹೋಗಿ ಅಂಕಪಟ್ಟಿ ವಾಪಸ್ ತನ್ನಿ. ಹತ್ತು ಸಾವಿರ ಬಂದರೆ ಸರಿ, ಬರದಿದ್ದರೂ ಅದಕ್ಕಾಗಿ ಅಂಕಪಟ್ಟಿ ಬಿಟ್ಟು ಬರಬೇಡಿ. ಕೊಡಲು ಸತಾಯಿಸಿದರೆ ಠಾಣೆಯಲ್ಲಿ ಲಿಖಿತ ದೂರು ಕೊಡಿ. ಕೊನೆಗೂ ಸಿಗದಿದ್ದರೆ ನೀವು ಓದಿದ ಪ್ರೌಢಶಾಲೆಯ ಮೂಲಕ ಪರೀಕ್ಷಾ ಮಂಡಳಿಯಿಂದ ನಕಲು ಅಂಕಪಟ್ಟಿ ಪಡೆಯಬಹುದು. ನಿಮ್ಮ ಜನ್ಮದಿನಾಂಕಕ್ಕೂ ಕನ್ನಡ ಓದಿದ್ದೀರಿ ಎನ್ನುವುದಕ್ಕೂ ಆಧಾರ ಆ ಒಂದೇ ಹಾಳೆ. ಮುಂದಿನ ಎಲ್ಲ ಅರ್ಜಿಗೂ ಅದು ಬೇಕು.

ಆ ಡಿಗ್ರಿ ಯಾಕೆ ಬೇಡ ಎಂದರೆ, ಅದು ಸುಳ್ಳೆಂದು ಹೇಳಲು ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯುವ ಅಗತ್ಯವೂ ಇಲ್ಲ. 2012ರಲ್ಲಿ ರೆಗ್ಯುಲರ್ ಬಿ.ಎ. ಮುಗಿಸಬೇಕಾದರೆ 2009ರಿಂದ ಮೂರು ವರ್ಷ ತರಗತಿಯಲ್ಲಿ ಕೂತಿರಬೇಕು. ಆ ಮೂರು ವರ್ಷ ನೀವು ಎಲ್ಲಿದ್ದಿರಿ ಎಂಬುದು ನಿಮ್ಮ ಸೇವಾ ದಾಖಲೆಯಲ್ಲಿದೆ. ಡಿಸ್ಚಾರ್ಜ್ ಬುಕ್ ಮತ್ತು ಆ ಬಿ.ಎ. ಅಂಕಪಟ್ಟಿಯನ್ನು ಒಂದೇ ಮೇಜಿನ ಮೇಲಿಟ್ಟರೆ ಸಾಕು, ಸುಳ್ಳು ಬಯಲಾಗುತ್ತದೆ. ಜೊತೆಗೆ ಪಿಯುಸಿ ಇಲ್ಲದೆ ಬಿ.ಎ. ಹೇಗೆ ಬಂತೆಂಬ ಪ್ರಶ್ನೆಯೂ ಏಳುತ್ತದೆ. ಇಂಥ ಕಾಗದ ತೋರಿಸಿ ಕೆಲಸಕ್ಕೆ ಸೇರಿದರೆ ಕೆಲಸ ಹೋಗುವುದಷ್ಟೇ ಅಲ್ಲ, ವಂಚನೆ ಮತ್ತು ನಕಲಿ ದಾಖಲೆಯ ಪ್ರಕರಣ ನಿಮ್ಮ ಹೆಸರಿಗೇ ಬೀಳುತ್ತದೆ. ಏಜೆಂಟರ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಇರುವುದಿಲ್ಲ.

ಈಗ ಎಲ್ಲರೂ ನಗುವ ಆ ಸರ್ಟಿಫಿಕೇಟ್ ವಿಷಯ. ನಗುವವರಿಗೆ ಅರ್ಧ ಗೊತ್ತು. ಕೇಂದ್ರ ಸಿಬ್ಬಂದಿ ಇಲಾಖೆಯ 12 ಫೆಬ್ರುವರಿ 1986ರ ಆದೇಶದಂತೆ, ಮೆಟ್ರಿಕ್ ಪಾಸಾಗಿ ಸಶಸ್ತ್ರ ಪಡೆಯಲ್ಲಿ 15 ವರ್ಷಕ್ಕೆ ಕಡಿಮೆಯಿಲ್ಲದಂತೆ ಸೇವೆ ಮಾಡಿದವರನ್ನು, ಪದವಿ ಬೇಕೆನ್ನುವ ಗ್ರೂಪ್ ‘ಸಿ’ (ಗುಮಾಸ್ತ ಮಟ್ಟದ) ಹುದ್ದೆಗಳಿಗೆ ಅರ್ಹರೆಂದು ಪರಿಗಣಿಸಬಹುದು. ಆದರೆ ಆ ಹುದ್ದೆಗೆ ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಾಗಿರಬಾರದು. ಎಸ್ಸೆಸ್ಸೆಲ್ಸಿ ಮತ್ತು 20 ವರ್ಷ ಸೇವೆ ಇರುವ ನೀವು ಈ ಚೌಕಟ್ಟಿನೊಳಗೆ ಬರುತ್ತೀರಿ. ಬ್ಯಾಂಕ್ ಕ್ಲರ್ಕ್ ಹುದ್ದೆಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಯಲ್ಲೂ ಇದೇ ರಿಯಾಯಿತಿ ಇರುತ್ತದೆ. ಸೇನಾ ಶಿಕ್ಷಣ ಪ್ರಮಾಣಪತ್ರಗಳ ಪ್ರತಿಗಳನ್ನೂ ಜೊತೆಗಿಟ್ಟುಕೊಳ್ಳಿ, ಅಧಿಸೂಚನೆಯ ಆ ಪ್ಯಾರಾದಲ್ಲಿ ಅವುಗಳ ಪ್ರಸ್ತಾಪವೂ ಇದೆ. ಬ್ಯಾಂಕಿನ ಪ್ರೊಬೇಷನರಿ ಆಫೀಸರ್ ಹುದ್ದೆಗೆ, ಎಲ್‌ಎಲ್‌ಬಿಗೆ, ಎಂಬಿಎಗೆ, ಬಿ.ಎಡ್‌ಗೆ ಈ ಸರ್ಟಿಫಿಕೇಟ್ ನಡೆಯುವುದಿಲ್ಲ. ರಾಜ್ಯ ಸರ್ಕಾರದ ಹುದ್ದೆಯಾದರೆ ಆಯಾ ಅಧಿಸೂಚನೆಯ ವಿದ್ಯಾರ್ಹತೆ ಪ್ಯಾರಾದಲ್ಲಿ ಮಾಜಿ ಸೈನಿಕರ ತತ್ಸಮಾನ ಅರ್ಹತೆ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಶುಲ್ಕ ಕಟ್ಟಿ.

ಅಂದರೆ ನಿಮ್ಮ ಪತ್ರದಲ್ಲಿ ಎರಡು ಬೇಕುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಮರ್ಯಾದೆಯ ಕೆಲಸ. ಇನ್ನೊಂದು, ಅರ್ಜಿಯ ಆ ಖಾಲಿ ಜಾಗ. ಕೆಲಸಕ್ಕೆ ಡಿಗ್ರಿ ಈಗಲೇ ಬೇಕಾಗಿಲ್ಲ. ಖಾಲಿ ಜಾಗಕ್ಕೆ ಬೇಕು, ಆದರೆ ಅದಕ್ಕೆ ಅವಸರವಿಲ್ಲ. ಏಜೆಂಟರು ಈ ಗಂಟಿನ ಮೇಲೆಯೇ ವ್ಯಾಪಾರ ಮಾಡುತ್ತಿದ್ದಾರೆ.

ಕೆಲಸದಿಂದ ಶುರು ಮಾಡೋಣ. ಬ್ಯಾಂಕ್ ಕ್ಲರ್ಕ್ ಹುದ್ದೆಗೆ ಸಾಮಾನ್ಯ ವಯೋಮಿತಿ 28. ಮಾಜಿ ಸೈನಿಕರಿಗೆ ಸೇವಾವಧಿಯ ಜೊತೆಗೆ 3 ವರ್ಷ ಸಡಿಲಿಕೆ, ಆದರೆ ನಿಜವಾದ ವಯಸ್ಸು 50 ಮೀರಬಾರದು. ನಿಮ್ಮ 40ರಿಂದ 23 ಕಳೆದರೆ 17. ವಯಸ್ಸು ಅಡ್ಡಿಯೇ ಅಲ್ಲ. ಸಾರ್ವಜನಿಕ ವಲಯದ ಬ್ಯಾಂಕುಗಳ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 14.5, ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ಯಲ್ಲಿ ಶೇ 10 ಮೀಸಲಾತಿ ಇದೆ. ಅಂಗವಿಕಲ ಮಾಜಿ ಸೈನಿಕರು ಮತ್ತು ಹುತಾತ್ಮರ ಅವಲಂಬಿತರ ಪಾಲು ಶೇ 4.5 ಬ್ಯಾಂಕುಗಳ ಆ ಲೆಕ್ಕದೊಳಗೇ ಸೇರಿದೆ. ಮಾಜಿ ಸೈನಿಕರ ಕಟ್‌ಆಫ್ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಹಾಗಿದ್ದೂ ಫೇಲಾಗುವವರು ಬಹಳ. ಕಾರಣ ವೇಗ. ಮೊದಲ ಹಂತದ ಪರೀಕ್ಷೆಯಾದ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35, ಒಟ್ಟು 100 ಪ್ರಶ್ನೆ. ಪ್ರತಿ ವಿಭಾಗಕ್ಕೆ 20 ನಿಮಿಷ, ಒಂದರಲ್ಲಿ ಉಳಿಸಿದ ಸಮಯ ಇನ್ನೊಂದಕ್ಕೆ ಸಿಗದು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದುವ ಕ್ರಮ ಇಲ್ಲಿ ಕೈಕೊಡುತ್ತದೆ. ಮೊದಲ ಆರು ವಾರ 25ರವರೆಗೆ ಮಗ್ಗಿ, ವರ್ಗ, ಶೇಕಡಾವಾರು, ಸಿಂಪ್ಲಿಫಿಕೇಷನ್ ಇಷ್ಟನ್ನೇ ಗಡಿಯಾರ ಇಟ್ಟುಕೊಂಡು ಮಾಡಿ. ಆಮೇಲೆ ವಾರಕ್ಕೆ ಎರಡು ಪೂರ್ಣ ಮಾಕ್ ಟೆಸ್ಟ್, ಕಂಪ್ಯೂಟರಿನಲ್ಲೇ. ಟೆಸ್ಟ್ ಮುಗಿದ ಮೇಲೆ ತಪ್ಪಿದ ಪ್ರಶ್ನೆಗಳ ಮೇಲೆ ಟೆಸ್ಟಿನ ಎರಡರಷ್ಟು ಹೊತ್ತು ಕೂರಬೇಕು. ಹೆಚ್ಚಿನವರು ಬಿಡುವುದೇ ಇದನ್ನು.

ಅರ್ಜಿ ಹಾಕುವ ಮೊದಲೇ ಕಾಗದಪತ್ರ ಹೊಂದಿಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಇದ್ದು ಡಿಸ್ಚಾರ್ಜ್ ಬುಕ್‌ನಲ್ಲಿ ಇಲ್ಲದಿರುವುದು, ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಒಂದು ಅಕ್ಷರ, ಆಧಾರ್‌ನಲ್ಲಿ ಇನ್ನೊಂದು, ಇದು ಅತಿ ಸಾಮಾನ್ಯ ತೊಡಕು. ದಾಖಲೆ ಪರಿಶೀಲನೆಯ ದಿನ ಇದನ್ನು ಸರಿಮಾಡಲಾಗದು. ಸೇನಾ ದಾಖಲೆಯ ತಪ್ಪಿಗೆ ಜಬಲ್ಪುರದ ಸಿಗ್ನಲ್ಸ್ ರೆಕಾರ್ಡ್ಸ್‌ಗೆ ಈಗಲೇ ಬರೆಯಿರಿ, ಬೇಕಾದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ. ಆ ಕಚೇರಿಯಲ್ಲಿ ಉದ್ಯೋಗ ನೋಂದಣಿಯನ್ನೂ ಮಾಡಿಸಿ. ನೀವು ಹಿಂದುಳಿದ ವರ್ಗಕ್ಕೆ ಸೇರಿದವರಾದರೆ ರಾಜ್ಯದ 2ಎ, 3ಬಿ ಪ್ರಮಾಣಪತ್ರ ಬ್ಯಾಂಕಿಗೆ ಆಗದು, ಕೇಂದ್ರ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು.

ಇನ್ನೊಂದು ಮಾತು, ತುಂಬ ಜನ ಇದರಲ್ಲಿ ಕಳೆದುಕೊಳ್ಳುತ್ತಾರೆ. ಮಾಜಿ ಸೈನಿಕ ಮೀಸಲಾತಿ ಬಳಸಿ ಒಮ್ಮೆ ಕಾಯಂ ಸರ್ಕಾರಿ ಕೆಲಸಕ್ಕೆ ಸೇರಿದರೆ ಎರಡನೇ ಬಾರಿ ಆ ಮೀಸಲಾತಿ ಸಿಗದು. ಆದರೆ ಕೇಂದ್ರ ಸಿಬ್ಬಂದಿ ಇಲಾಖೆಯ 14 ಆಗಸ್ಟ್ 2014ರ ಆದೇಶದ ಪ್ರಕಾರ, ಸೇರುವ ಮೊದಲೇ ಬೇರೆ ಹುದ್ದೆಗಳಿಗೂ ಅರ್ಜಿ ಹಾಕಿದ್ದರೆ ಅವುಗಳ ದಿನಾಂಕವಾರು ಪಟ್ಟಿಯನ್ನು ಸೇರಿದ ಕೂಡಲೇ ಉದ್ಯೋಗದಾತರಿಗೆ ಸ್ವಯಂಘೋಷಣೆಯಾಗಿ ಕೊಡಬೇಕು. ಹಾಗೆ ಕೊಟ್ಟರೆ ಆ ಅರ್ಜಿಗಳ ಮಟ್ಟಿಗೆ ಹಕ್ಕು ಉಳಿಯುತ್ತದೆ. ಇಂದಿನಿಂದಲೇ ಒಂದು ನೋಟ್‌ಬುಕ್ ಇಡಿ: ಹುದ್ದೆ, ಅರ್ಜಿ ಸಂಖ್ಯೆ, ದಿನಾಂಕ. ಖಾಸಗಿ ಕಂಪನಿಯ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಸೆಕ್ಯುರಿಟಿ ಕೆಲಸಕ್ಕೆ ಸೇರಿದರೂ ಹಕ್ಕು ಹೋಗದು. ಅಲ್ಲಿ ಕೇಳಬೇಕಾದದ್ದು ಪಾಳಿ ಎಷ್ಟು ಗಂಟೆ ಎಂದು. ದಿನಕ್ಕೆ 12 ಗಂಟೆ, ವಾರಕ್ಕೊಮ್ಮೆ ಪಾಳಿ ಬದಲು ಎಂದರೆ ಓದು ನಿಂತಂತೆಯೇ. ಎಂಟು ಗಂಟೆಯ ಸ್ಥಿರ ಪಾಳಿ ಸಿಕ್ಕರೆ ಮನೆಯವರ ಮಾತು ಕೇಳಿ, ಸೇರಿ.

ಸಿಸಿಎನ್‌ಎ ಕೆಟ್ಟ ಸಲಹೆಯಲ್ಲ, ಈ ವರ್ಷಕ್ಕಲ್ಲ ಅಷ್ಟೇ. ಅದಕ್ಕೆ ಯಾವ ಡಿಗ್ರಿಯೂ ಬೇಡ. ಪರೀಕ್ಷೆ 120 ನಿಮಿಷದ್ದು, ಶುಲ್ಕ 300 ಡಾಲರ್ ಮತ್ತು ತೆರಿಗೆ, ಪಾಸಾದರೆ ಮೂರು ವರ್ಷ ಮಾನ್ಯ. ಒಮ್ಮೆ ಮುಂದೆ ಹೋದ ಪ್ರಶ್ನೆಗೆ ಹಿಂದಿರುಗುವಂತಿಲ್ಲ. ಕೇಬಲ್, ಫಾಲ್ಟ್ ಹುಡುಕಾಟ ನಿಮಗೆ ನೀರು ಕುಡಿದಷ್ಟು ಸುಲಭ. ಸಿಗ್ನಲ್ಸ್‌ನವರು ಎಡವುವುದು ಸಬ್‌ನೆಟ್ಟಿಂಗ್ (ದೊಡ್ಡ ನೆಟ್‌ವರ್ಕನ್ನು ಚಿಕ್ಕ ಭಾಗಗಳಾಗಿ ಒಡೆಯುವ ಲೆಕ್ಕ) ಮತ್ತು ರೂಟಿಂಗ್‌ನಲ್ಲಿ (ಮಾಹಿತಿ ಸಾಗುವ ದಾರಿ ನಿರ್ಧರಿಸುವುದು). ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಎಂಬ ಅಭ್ಯಾಸ ತಂತ್ರಾಂಶ ಉಚಿತ, ಅದರಲ್ಲಿ ಒಂದು ತಿಂಗಳು ಆಡಿನೋಡಿ. ರುಚಿ ಹತ್ತಿದರೆ ಮಾತ್ರ ಮುಂದುವರಿಯಿರಿ. ‘ನೂರಕ್ಕೆ ನೂರು ಪಾಸ್’ ಎಂದು ಪ್ರಶ್ನೋತ್ತರ ಮಾರುವವರಿಂದ ದೂರವಿರಿ, ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ. ಪಾಸಾದ ಮೇಲೂ ಮೊದಲ ಕೆಲಸ ಹೆಚ್ಚಾಗಿ ರಾತ್ರಿ ಪಾಳಿಯ ನೆಟ್‌ವರ್ಕ್ ನಿಗಾ ಕೇಂದ್ರದಲ್ಲಿ, 24ರ ಹುಡುಗರ ಜೊತೆ. ಅದಕ್ಕೆ ಮನಸ್ಸು ಒಪ್ಪುತ್ತದೆಯೇ ಕೇಳಿಕೊಳ್ಳಿ. ರೆಸ್ಯೂಮೆಯಲ್ಲಿ ಎಷ್ಟು ಜನರ ತಂಡ ನಡೆಸಿದಿರಿ, ಎಂಥ ದುರಸ್ತಿ ಮಾಡಿದಿರಿ ಎಂದು ಬರೆಯಿರಿ. ಯಾವ ಉಪಕರಣ, ಯಾವ ಜಾಗ ಎಂದು ಬರೆಯಬೇಡಿ.

ಈಗ ಡಿಗ್ರಿ. ನಿಮಗೆ ಬೇಕು ಅನಿಸಿದೆ, ಅದು ಸಾಕು, ಕಾರಣ ಯಾರಿಗೂ ಒಪ್ಪಿಸಬೇಕಿಲ್ಲ. ಆದರೆ ಮೊದಲ ಮೆಟ್ಟಿಲು ಪಿಯುಸಿ. ಪಿಯುಸಿ ಬಿಟ್ಟು ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರ ಪದವಿ ಮಾಡಿದವರಿಗೆ ಬಾರ್ ಕೌನ್ಸಿಲ್ ನಿಯಮದಂತೆ ಕಾನೂನು ಪದವಿಯ ಬಾಗಿಲು ಮುಚ್ಚುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ ಐದು ವಿಷಯ ತೆಗೆದುಕೊಂಡರೆ ಸಾಕು. ನೋಂದಣಿ ಐದು ವರ್ಷ ಮಾನ್ಯ, ಒಂಬತ್ತು ಅವಕಾಶ. ಪರೀಕ್ಷೆ ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದಂಥ ಪ್ರಾಯೋಗಿಕ ಇಲ್ಲದ ವಿಷಯ ಆರಿಸಿ. ಬ್ಯಾಂಕ್ ಪರೀಕ್ಷೆಯ ಓದಿನ ಜೊತೆಗೆ ಒಂದು ಬಾರಿಗೆ ಎರಡೇ ವಿಷಯ ಬರೆಯಿರಿ.

ಆಮೇಲೆ ಬಿ.ಎ. ಅಥವಾ ಬಿ.ಕಾಂ. ಕನ್ನಡ ಮಾಧ್ಯಮ ಬೇಕಾದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಂಗ್ಲಿಷ್ ಪರವಾಗಿಲ್ಲ ಎಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ. ಎಲ್ಲಿಯೇ ಆಗಲಿ, ಸೇರುವ ವರ್ಷಕ್ಕೆ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೀವೇ ನೋಡಿ. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆ ಓದು. ವರ್ಷಕ್ಕೆ 40 ಕ್ರೆಡಿಟ್ ಆದರೆ 1,200 ಗಂಟೆ, ದಿನಕ್ಕೆ ಮೂರು ಗಂಟೆಗೂ ಮೇಲೆ. ಮೂರು ವರ್ಷದ ಕೋರ್ಸನ್ನು ಆರು ವರ್ಷದವರೆಗೂ ಎಳೆಯಬಹುದಾದ್ದರಿಂದ ಕೆಲಸದಲ್ಲಿರುವವರು ನಾಲ್ಕೈದು ವರ್ಷ ಇಟ್ಟುಕೊಳ್ಳುವುದೇ ಲೇಸು. ಅಲ್ಲಿ ಬಿಟ್ಟುಹೋಗುವವರು ಪರೀಕ್ಷೆಯಲ್ಲಿ ಸೋತವರಲ್ಲ, ಅಸೈನ್‌ಮೆಂಟ್ ಕೊಡದವರು ಮತ್ತು ಮುಂದಿನ ವರ್ಷಕ್ಕೆ ಮರುನೋಂದಣಿ ಮರೆತವರು. ಅಸೈನ್‌ಮೆಂಟ್‌ಗೆ ಶೇ 30 ತೂಕವಿದೆ. ಕೈಯಲ್ಲೇ ಬರೆದು, ಕೊಟ್ಟದ್ದಕ್ಕೆ ರಸೀದಿ ಇಟ್ಟುಕೊಳ್ಳಿ.

ಮಗಳ ಎದುರು ಪುಸ್ತಕ ಹಿಡಿಯಲು ಸಂಕೋಚ ಎಂದು ನೀವು ಬರೆದಿಲ್ಲ, ಆದರೆ ಪೆನ್ನು ಹಿಡಿದು ಕೂತದ್ದರಲ್ಲಿ ಅದು ಕಾಣುತ್ತದೆ. ಟ್ರೇಡ್ ಟೆಸ್ಟ್, ಮ್ಯಾಪ್ ರೀಡಿಂಗ್, ಪ್ರಮೋಷನ್ ಕೇಡರ್ ಎಂದು ಇಪ್ಪತ್ತು ವರ್ಷ ಪರೀಕ್ಷೆ ಬರೆಯುತ್ತಲೇ ಬಂದವರು ನೀವು. ಇಂಗ್ಲಿಷ್ ವಿಭಾಗದ 30 ಪ್ರಶ್ನೆಯನ್ನು ವಾರಕ್ಕೆರಡು ಸಂಜೆ ಅವಳಿಂದಲೇ ತಿದ್ದಿಸಿಕೊಳ್ಳಿ.

ಆ ಜಾಗದಲ್ಲಿ ‘ಎಸ್ಸೆಸ್ಸೆಲ್ಸಿ’ ಎಂದೇ ಬರೆಯಿರಿ. ಆಮೇಲೆ ಅವಳು ಯಾವ ಕೋರ್ಸಿಗೆ ಸೇರುತ್ತಿದ್ದಾಳೆ ನೋಡಿ. ಬಿಸಿಎ, ಬಿಬಿಎ, ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸಾಗಿದ್ದು ಪಿಯುಸಿಯಲ್ಲಿ ಶೇ 60 ಇದ್ದರೆ, ಮಾಜಿ ಸೈನಿಕರ ಮಕ್ಕಳಿಗಾಗಿ ಕೇಂದ್ರೀಯ ಸೈನಿಕ ಮಂಡಳಿ ನಡೆಸುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ. ಸಾದಾ ಬಿ.ಎ., ಬಿ.ಎಸ್ಸಿ.ಗೆ ಇದು ಇಲ್ಲ. ಮೊದಲ ವರ್ಷದಲ್ಲೇ ಹಾಕಬೇಕು, ಎರಡನೇ ವರ್ಷಕ್ಕೆ ನೆನಪಾದರೆ ತಡವಾಯಿತು. ಆ ಅರ್ಜಿಗೂ ನಿಮ್ಮ ಡಿಸ್ಚಾರ್ಜ್ ಬುಕ್ ಬೇಕು.