ಮೊಳೆಯ ಕಾಂತತ್ವ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಮಗಳ ಶಾಲೆಯ ಪ್ರಾಜೆಕ್ಟಿಗೆಂದು ಕಬ್ಬಿಣದ ಮೊಳೆಗೆ ತಂತಿ ಸುತ್ತಿ ಸೆಲ್ ಜೋಡಿಸಿದೆವು. ಸೆಲ್ ತೆಗೆದ ಕೂಡಲೇ ಗುಂಡುಸೂಜಿಗಳು ಉದುರುತ್ತವೆ. ಉಳಿಯುವ ಅಯಸ್ಕಾಂತ ಮಾಡುವುದು ಹೇಗೆ?
— ಓದುಗರು, ಮುಲುಂಡ್, ಮುಂಬಯಿ

ಉತ್ತರ: ಮೊಳೆ ಬಿಡಿ. ಅದರದು ಮೆದು ಉಕ್ಕು. ಕಾಂತತ್ವವನ್ನು ಬೇಗ ಹಿಡಿದು ಬೇಗ ಬಿಡುತ್ತದೆ. ಗಡಸು ಉಕ್ಕಿನ ದೊಡ್ಡ ಹೊಲಿಗೆ ಸೂಜಿ ಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿನಲ್ಲಿ 26 ಗೇಜ್ ದಪ್ಪದ, ಎನಾಮಲ್ (ವಿದ್ಯುತ್ ತಡೆಯುವ ತೆಳು ಲೇಪ) ಬಳಿದ ತಾಮ್ರದ ತಂತಿ ತಂದು, ಜ್ಯೂಸ್ ಸ್ಟ್ರಾ ಮೇಲೆ ಒಂದೇ ದಿಕ್ಕಿನಲ್ಲಿ ಸುಮಾರು 200 ಸುತ್ತು ಹಾಕಿ. ತುದಿಗಳ ಎನಾಮಲ್ಲನ್ನು ಮರಳು ಕಾಗದದಿಂದ ಪೂರ್ತಿ ಕೆರೆಯಿರಿ. ಹೆಚ್ಚಿನವರ ಪ್ರಯೋಗ ಕೆಡುವುದು ಇಲ್ಲೇ. ಸೂಜಿ ಒಳಗಿಟ್ಟು, ಸಾಲಾಗಿ ಜೋಡಿಸಿದ ನಾಲ್ಕು ಟಾರ್ಚ್ ಸೆಲ್‌ಗಳಿಗೆ ಎರಡು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಹೆಚ್ಚು ಹೊತ್ತು ಹಿಡಿದರೆ ತಂತಿ, ಸೆಲ್ ಎರಡೂ ಕಾಯುತ್ತವೆ, ಲಾಭವಿಲ್ಲ. ಮನೆಯ ಪ್ಲಗ್ಗಿಗೆ ಮಾತ್ರ ಎಂದೂ ಜೋಡಿಸಬೇಡಿ: ಪ್ರಾಣಾಪಾಯ.

ತಂತಿ ಸಿಗದಿದ್ದರೆ, ಅಯಸ್ಕಾಂತದ ಒಂದೇ ಧ್ರುವದಿಂದ ಸೂಜಿಯನ್ನು ಬುಡದಿಂದ ತುದಿಗೆ 40–50 ಸಲ ಉಜ್ಜಿ. ಪ್ರತಿಸಲ ಎತ್ತಿಕೊಂಡೇ ಹಿಂದಕ್ಕೆ ತನ್ನಿ. ಹಿಂದೆ ಮುಂದೆ ಉಜ್ಜಿದರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಉಜ್ಜಿದ್ದು ಉತ್ತರ ಧ್ರುವವಾದರೆ ಸೂಜಿಯ ತುದಿ ದಕ್ಷಿಣವಾಗುತ್ತದೆ.

ಕಾರ್ಖಾನೆಯಲ್ಲಿ ನಿಯೋಡಿಮಿಯಂ ಎಂಬ ಲೋಹ ಬೆರೆಸಿ ಮಾಡುವ ಬಲವಾದ ಅಯಸ್ಕಾಂತದ ದಾರಿ ಬೇರೆ. ಮಿಶ್ರಲೋಹದ ನುಣ್ಣನೆಯ ಪುಡಿಯನ್ನು ಕಾಂತಕ್ಷೇತ್ರದಲ್ಲಿ ಒತ್ತಿ, ಗಾಳಿಯಿಲ್ಲದ ಕುಲುಮೆಯಲ್ಲಿ 1,000 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಕಾಯಿಸುತ್ತಾರೆ. ಹೊರಬಂದ ತುಂಡಿನಲ್ಲಿ ಕಾಂತತ್ವವೇ ಇರುವುದಿಲ್ಲ! ಬೇಗ ತುಕ್ಕು ಹಿಡಿಯುವುದರಿಂದ ನಿಕಲ್ ಲೇಪಿಸಿ, ಕೊನೆಗೆ ಸುರುಳಿಯಲ್ಲಿಟ್ಟು ಕ್ಷಣಮಾತ್ರ ಭಾರಿ ವಿದ್ಯುತ್ ಹರಿಸುತ್ತಾರೆ. ಅಂಥದ್ದನ್ನು ಮನೆಯಲ್ಲಿ ಕೊರೆಯಬೇಡಿ, ಪುಡಿಗೆ ಬೆಂಕಿ ಹತ್ತುತ್ತದೆ.