ಕಡುಬು, ಕೋಳಿಸಾರಿನ ಮನೆಗೆ ಯಾವ ವೈನ್ ಒಯ್ಯಲಿ?

ಪ್ರಶ್ನೆ: ನಮ್ಮ ಯಜಮಾನರ ಕಚೇರಿಯಲ್ಲಿ ಹಿರಿಯರಾಗಿದ್ದು ಈಗ ನಿವೃತ್ತರಾದವರೊಬ್ಬರು ಶಿವಮೊಗ್ಗದ ವಿನೋಬನಗರದಲ್ಲಿದ್ದಾರೆ. ನಾವು ಮನೆ ಕಟ್ಟುವಾಗ ಬ್ಯಾಂಕಿನ ಕಾಗದಪತ್ರದಿಂದ ಹಿಡಿದು ಗಾರೆಯವರನ್ನು ಗೊತ್ತುಮಾಡುವವರೆಗೆ ನಮಗಾಗಿ ಓಡಾಡಿದವರು. ಮುಂದಿನ ತಿಂಗಳು ಕಡುಬು, ಕೋಳಿಸಾರಿನ ಊಟಕ್ಕೆ ಕರೆದಿದ್ದಾರೆ. ಗಂಡ ಹೆಂಡತಿ ಇಬ್ಬರಿಗೂ ರಾತ್ರಿ ಊಟದ ಜೊತೆ ಒಂದು ಗ್ಲಾಸ್ ವೈನ್ ಕುಡಿಯುವ ಅಭ್ಯಾಸ. ಒಂದು ಒಳ್ಳೆಯ ಬಾಟಲಿ ಕೊಡೋಣ ಅಂತ ಆಸೆ, ಆದರೆ ನಾವು ಅದನ್ನು ಮುಟ್ಟುವವರಲ್ಲ, ಏನೂ ಗೊತ್ತಿಲ್ಲ. ಅಂಗಡಿಯಲ್ಲಿ ವಿಚಾರಿಸಿದರೆ "ರೆಡ್ಡೇ ತಗೊಳ್ಳಿ, ಹಳೇದಾದಷ್ಟೂ ಒಳ್ಳೇದು" ಅಂದರು. ಸಾವಿರದಿಂದ ಒಂದೂವರೆ ಸಾವಿರದವರೆಗೆ ಖರ್ಚು ಮಾಡಬಹುದು.
– ಓದುಗರು, ತೀರ್ಥಹಳ್ಳಿ

ಉತ್ತರ: ಬಿಳಿ ವೈನ್ ಒಯ್ಯಿರಿ. ಶೆನಿನ್ ಬ್ಲಾಂಕ್ ಎಂಬ ದ್ರಾಕ್ಷಿಯದು ಸಿಕ್ಕರೆ ಅದೇ ಇರಲಿ. ಲೇಬಲ್ ಮೇಲಿನ ಇಸವಿ ಈ ವರ್ಷದ್ದೋ ಹೋದ ವರ್ಷದ್ದೋ ಆಗಿರಬೇಕು. ಅಂಗಡಿಯವರು ಹೇಳಿದ ಎರಡು ಮಾತೂ ನಿಮಗೆ ಹೊಂದುವುದಿಲ್ಲ.

ಮೊದಲು "ರೆಡ್ಡೇ" ಎಂಬ ಮಾತು. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆ, ಬೀಜದ ಸಮೇತ ಹುಳಿ ಬರಿಸುತ್ತಾರೆ. ಬಣ್ಣದ ಜೊತೆಗೆ ಟ್ಯಾನಿನ್ ಎಂಬ ಒಗರೂ ಅಲ್ಲಿಂದಲೇ ಇಳಿಯುತ್ತದೆ. ಮಲೆನಾಡಿನವರಿಗೆ ಟ್ಯಾನಿನ್ ಅಂದರೇನು ಎಂದು ವಿವರಿಸಬೇಕಿಲ್ಲ. ಹಸಿ ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಚೊಗರಾಗುತ್ತದಲ್ಲ, ಅದರಲ್ಲಿರುವುದೂ ಇದೇ ಜಾತಿಯ ವಸ್ತು. ಎಳೆ ಅಡಿಕೆ ಜಗಿದಾಗ ನಾಲಿಗೆ, ಒಸಡು ಬಿಗಿದುಕೊಳ್ಳುವ ಹಾಗೆಯೇ ಗಡಸು ಕೆಂಪು ವೈನ್ ಕುಡಿದಾಗಲೂ ಆಗುತ್ತದೆ. ಕೊಬ್ಬಿರುವ ಮಾಂಸದ ಜೊತೆ ಆ ಒಗರು ಹಿತ. ಆದರೆ ನಮ್ಮ ಕೋಳಿಸಾರಿನಲ್ಲಿ ಬ್ಯಾಡಗಿ ಮೆಣಸು, ಕಾಳುಮೆಣಸು, ಹುರಿದ ಕೊತ್ತಂಬರಿ, ತೆಂಗಿನಕಾಯಿ ಎಲ್ಲ ಇರುತ್ತವೆ. ಖಾರದ ಮೇಲೆ ಒಗರು ಬಿದ್ದರೆ ಖಾರ ಇನ್ನೂ ಉರಿಯುತ್ತದೆ, ವೈನ್ ಕಹಿಯಾಗುತ್ತದೆ. ಅಡುಗೆ ಮಾಡಿದವರಿಗೂ ಬಾಟಲಿ ತಂದವರಿಗೂ ಹೆಸರು ಬರುವುದಿಲ್ಲ.

ಶೆನಿನ್ ಬ್ಲಾಂಕ್‌ನಲ್ಲಿ ಹುಳಿ ಚೆನ್ನಾಗಿರುತ್ತದೆ. ನಮ್ಮ ದೇಶದಲ್ಲಿ ಅದನ್ನು ಹೆಚ್ಚಾಗಿ ತುಸು ಸಿಹಿ ಉಳಿಸಿಯೇ ಮಾಡುತ್ತಾರೆ. ಆ ಸಿಹಿ ಖಾರವನ್ನು ತಣಿಸುತ್ತದೆ, ಹುಳಿ ತೆಂಗಿನಕಾಯಿಯ ಜಿಡ್ಡನ್ನು ತೊಳೆಯುತ್ತದೆ. 1999ರಲ್ಲಿ ನಾಸಿಕ್‌ನಲ್ಲಿ ಶುರುವಾದ ಸುಲಾ ಕಂಪನಿ ಈ ದ್ರಾಕ್ಷಿಯನ್ನು ನಮ್ಮಲ್ಲಿ ಜನಪ್ರಿಯ ಮಾಡಿತು. ಈಗ ಬೇರೆ ಕಂಪನಿಗಳದ್ದೂ ಇದೆ. ರೀಸ್ಲಿಂಗ್ ಸಿಕ್ಕರೂ ಆಗುತ್ತದೆ. ಸೋವಿನ್ಯಾನ್ ಬ್ಲಾಂಕ್ ಪೂರ್ತಿ ಡ್ರೈ, ಅಂದರೆ ಸಿಹಿಯೇ ಇಲ್ಲ. ಅದು ಮೀನಿಗೆ, ಪತ್ರೊಡೆಗೆ ಚೆನ್ನ, ಖಾರದ ಸಾರಿಗೆ ಎರಡನೇ ಆಯ್ಕೆ. ಬೆನ್ನಿನ ಲೇಬಲ್‌ನಲ್ಲಿ ಆಲ್ಕೋಹಾಲ್ ಪ್ರಮಾಣವನ್ನೂ ನೋಡಿ. ಶೇ 11ರಿಂದ 12.5ರ ಒಳಗಿದ್ದರೆ ಒಳ್ಳೆಯದು, 14 ಮುಟ್ಟಿದರೆ ಖಾರದ ಜೊತೆ ಅದೂ ಬಾಯಿ ಸುಡುತ್ತದೆ.

ಇನ್ನು "ಹಳೇದಾದಷ್ಟೂ" ಎಂಬುದು. ವರ್ಷಗಟ್ಟಲೆ ಇಟ್ಟು ಹದಗೊಳಿಸಲೆಂದೇ ಮಾಡಿದ ವೈನ್‌ಗಳಿವೆ. ಅವು ನಿಮ್ಮ ಬಜೆಟ್‌ನಲ್ಲಿ ಸಿಗುವವಲ್ಲ, ನಮ್ಮ ಜಿಲ್ಲೆಯ ಅಂಗಡಿಯ ಕಪಾಟಿನಲ್ಲಿ ಹದವಾಗಿ ಉಳಿಯುವವೂ ಅಲ್ಲ. ಉಳಿದದ್ದೆಲ್ಲ, ಅದರಲ್ಲೂ ಬಿಳಿ ವೈನ್, ತಾಜಾ ಇದ್ದಾಗಲೇ ರುಚಿ. ನಮ್ಮಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಲೇಬಲ್ ಮೇಲಿರುವುದು ಆ ಕೊಯ್ಲಿನ ಇಸವಿ. ಅದೇ ವರ್ಷದ ಮಧ್ಯಭಾಗಕ್ಕೆ ಬಿಳಿ ವೈನ್ ಅಂಗಡಿಗೆ ಬಂದಿರುತ್ತದೆ. ನಾಲ್ಕು ವರ್ಷ ಹಿಂದಿನ ಇಸವಿಯ ಬಿಳಿ ಬಾಟಲಿಯನ್ನು ಯಾರಾದರೂ "ಸ್ಪೆಷಲ್" ಅಂತ ತೋರಿಸಿದರೆ, ಅದು ಖರ್ಚಾಗದೆ ಕೂತ ಮಾಲು ಎಂದೇ ತಿಳಿಯಿರಿ.

ಹೀಗಾಗಿ ಅಂಗಡಿಗೆ ಹೋದಾಗ ಬ್ರಾಂಡ್‌ಗಿಂತ ಮೊದಲು ನೋಡಬೇಕಾದ್ದು ಬಾಟಲಿ ನಿಂತ ಜಾಗವನ್ನು. ನಮ್ಮ ಊರಿನ ಬಹುಪಾಲು ಅಂಗಡಿಗಳಲ್ಲಿ ಓಡುವುದು ವಿಸ್ಕಿ, ಬ್ರಾಂದಿ, ಬಿಯರ್. ವೈನ್‌ಗೆ ಸಿಗುವುದು ಮೇಲಿನ ಅಟ್ಟಣೆಯೋ ಟ್ಯೂಬ್‌ಲೈಟ್ ಕೆಳಗಿನ ಸಾಲೋ. ಏಪ್ರಿಲ್, ಮೇ ತಿಂಗಳ ಶಿವಮೊಗ್ಗದ ಬಿಸಿಯಲ್ಲಿ ಅಲ್ಲಿ ಬೆಂದ ಬಾಟಲಿ ಮಳೆಗಾಲ ಬಂದ ಮಾತ್ರಕ್ಕೆ ಸರಿಹೋಗುವುದಿಲ್ಲ. ಫ್ರಿಜ್‌ನಲ್ಲಿಟ್ಟದ್ದನ್ನು ಕೇಳಿ. ಇಲ್ಲದಿದ್ದರೆ ಹೊಸ ಪೆಟ್ಟಿಗೆಯಿಂದ ತೆಗೆದುಕೊಡಲು ಹೇಳಿ, ಸಂಕೋಚ ಬೇಡ. ಕೈಗೆ ಬಂದ ಮೇಲೆ ಕತ್ತಿನ ಹತ್ತಿರ ಬೆರಳಾಡಿಸಿ: ಅಂಟಂಟಾಗಿದ್ದರೆ ಒಳಗಿನದು ಸೋರಿದೆ, ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ ಬಿಸಿ ತಾಗಿದೆ. ಮೊಬೈಲ್ ಟಾರ್ಚ್ ಹಿಂದಿನಿಂದ ಹಿಡಿದರೆ ಬಣ್ಣ ತಿಳಿಯುತ್ತದೆ. ತೆಳು ಹಳದಿ ಇರಬೇಕು. ಚಹಾದ ಡಿಕಾಕ್ಷನ್ ಕಡೆಗೆ ತಿರುಗಿದ್ದರೆ ವಾಪಸ್ ಕೊಡಿ. ಲೇಬಲ್ ಮೇಲೆ ಬೂಷ್ಟು ಹಿಡಿದಿದೆಯೆಂದು ಮಾತ್ರ ಗಾಬರಿಯಾಗಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕಕ್ಕೂ ಚಪ್ಪಲಿಗೂ ಹಿಡಿಯುವುದು ಬಾಟಲಿಗೂ ಹಿಡಿಯುತ್ತದೆ, ಒಳಗಿನ ವೈನ್‌ಗೆ ಏನೂ ಆಗಿರುವುದಿಲ್ಲ. ಆದರೆ ಉಡುಗೊರೆಗೆ ಅಂಥದ್ದನ್ನು ಆರಿಸಬೇಡಿ ಅಷ್ಟೆ. ಕಾರ್ಕ್ ಬದಲು ತಿರುಪಿನ ಮುಚ್ಚಳವಿದ್ದರೆ ಅಗ್ಗದ್ದು ಎಂಬುದೂ ಸುಳ್ಳು. ಎಳೆಯದಾಗಿ ಕುಡಿಯುವ ಬಿಳಿ ವೈನ್‌ಗೆ ಅದೇ ಭದ್ರ.

ವಿದೇಶಿ ಬಾಟಲಿ ಕೊಟ್ಟರೆ ಗೌರವ ಹೆಚ್ಚು ಅನ್ನಿಸಬಹುದು. ನನ್ನ ಮಟ್ಟಿಗೆ ಈ ಬಜೆಟ್‌ನಲ್ಲಿ ಅದು ದುಡ್ಡು ದಂಡ. ಆಮದು ವೈನ್ ಮೇಲೆ ಬಹಳ ಕಾಲ ಶೇ 150 ಸುಂಕವಿತ್ತು, ರಾಜ್ಯದ ತೆರಿಗೆ ಅದರ ಮೇಲೆ. ಇಲ್ಲಿ ಒಂದೂವರೆ ಸಾವಿರಕ್ಕೆ ಸಿಗುವ ವಿದೇಶಿ ಬಾಟಲಿ ಅಲ್ಲಿನವರು ದಿನಸಿ ಜೊತೆ ಕೊಳ್ಳುವ ಮಾಮೂಲಿ ವೈನ್. ಅದೇ ದುಡ್ಡಿಗೆ ಇಲ್ಲಿಯದು ಒಳ್ಳೆಯದೇ ಸಿಗುತ್ತದೆ. "ರಿಸರ್ವ್" ಎಂಬ ಅಕ್ಷರಕ್ಕೂ ಮರುಳಾಗಬೇಡಿ. ಸ್ಪೇನ್‌ನಲ್ಲಿ "ರೆಸೆರ್ವಾ" ಎಂದು ಬರೆಯಬೇಕಾದರೆ ಕೆಂಪು ವೈನ್ ಕನಿಷ್ಠ 3 ವರ್ಷ ಹಣ್ಣಾಗಬೇಕು, ಅದರಲ್ಲಿ 1 ವರ್ಷ ಓಕ್ ಪೀಪಾಯಿಯಲ್ಲಿ. ಅಂಥ ಕಟ್ಟುಪಾಡಿಲ್ಲದ ಕಡೆ ಅದು ಕಂಪನಿ ತಾನೇ ಇಟ್ಟುಕೊಂಡ ಹೆಸರು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಫೋನ್ ಮಾಡುವುದು ಒಳ್ಳೆಯದು. ಅವರ ಮಗನಿಗೋ ಮಗಳಿಗೋ "ಅಪ್ಪ ಅಮ್ಮ ಸಾಮಾನ್ಯವಾಗಿ ಯಾವುದು ತಗೊಳ್ತಾರೆ" ಅಂತ ಕೇಳಿ. ಕೆಂಪು ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದು ಗೊತ್ತಾದರೆ ನನ್ನ ಬಿಳಿ ವೈನ್ ವಾದವನ್ನೆಲ್ಲ ಬದಿಗಿಡಿ, ಉಡುಗೊರೆ ಅವರ ಇಷ್ಟದ್ದಾಗಿರಬೇಕೇ ಹೊರತು ನನ್ನ ಇಷ್ಟದ್ದಲ್ಲ. ಹಾಗಾದಲ್ಲಿ ನಂದಿ ಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಶುರುವಾದ ಗ್ರೋವರ್ ಅವರ "ಲಾ ರಿಸರ್ವ್" ಕೆಂಪು ವೈನ್ ನೋಡಿ. (ಇಲ್ಲೂ ಆ ಅಕ್ಷರ ಇದೆ, ನಗಬೇಡಿ. ವೈನ್ ಮಾತ್ರ ನಿಜಕ್ಕೂ ಚೆನ್ನಾಗಿದೆ.) ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿಗಳ ಮಿಶ್ರಣ, ಕನ್ನಡನಾಡಿನದೇ ಬೆಳೆ. ಅವರಾಗಲೇ ಕುಡಿದು ನೋಡಿರಲೂಬಹುದು, ಅದರಿಂದ ನಷ್ಟವಿಲ್ಲ.

ಕೊಡುವಾಗ "ಇದು ನಿಮಗೆ, ಇವತ್ತೇ ತೆಗೀಬೇಕು ಅಂತಿಲ್ಲ" ಎಂದುಬಿಡಿ. ಅವರು ಆ ರಾತ್ರಿಗೆ ಬೇರೆ ಬಾಟಲಿ ತಣ್ಣಗೆ ಇಟ್ಟಿರಬಹುದು. ಮನೆಯಲ್ಲಿ ಹಿರಿಯರೋ ಪೂಜೆಗೆ ಬಂದ ನೆಂಟರೋ ಇದ್ದರೆ ಹಜಾರದಲ್ಲಿ ಎಲ್ಲರೆದುರು ತೆಗೆಯದೆ ಬಟ್ಟೆ ಚೀಲದಲ್ಲಿಟ್ಟು ಅಮ್ಮನವರ ಕೈಗೆ ಕೊಡಿ. ತೀರ್ಥಹಳ್ಳಿಯಲ್ಲೇ ಕೊಂಡರೆ ಮಂಡಗದ್ದೆಯಲ್ಲಿ ಹಕ್ಕಿ ನೋಡಲು ಇಳಿದಾಗ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಕೊನೆಯ ದಿನಕ್ಕೂ ಬಿಡಬೇಡಿ. ಅಕ್ಟೋಬರ್ 2ರಂದು ಮದ್ಯದಂಗಡಿ ಬಂದ್, ಚುನಾವಣೆಯ ಮತದಾನಕ್ಕೆ ಮುಂಚೆ ಬಂದ್, ಶಿವಮೊಗ್ಗದಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆಗೂ ಜಿಲ್ಲಾಡಳಿತ ಬಂದ್ ಮಾಡಿಸುವುದುಂಟು.

ಪ್ರಶ್ನೆ: ಬೆಂಗಳೂರಿನ ನೆಂಟರು ಮೂರು ವರ್ಷದ ಹಿಂದೆ ಕೊಟ್ಟ ಬಿಳಿ ವೈನ್ ನಮ್ಮ ಷೋಕೇಸ್‌ನಲ್ಲಿ ಹಾಗೇ ಇದೆ. ಈಗ ಅಕ್ಕನ ಮಗನಿಗೆ ಪ್ರಮೋಷನ್ ಆಗಿದೆ. ಅವನಿಗೆ ಕೊಡಬಹುದೆ?
– ಓದುಗರು, ಸಾಗರ

ಉತ್ತರ: ಬೇಡ. ಬೆಳಕು ಬೀಳುವ ಷೋಕೇಸ್‌ನಲ್ಲಿ ಮೂರು ವರ್ಷ ನಿಂತ ಬಿಳಿ ವೈನ್ ಕೊಡುವಂತೆ ಉಳಿದಿರುವುದಿಲ್ಲ. ಕಾರ್ಕ್ ಇದ್ದರೆ ಬಾಟಲಿಯನ್ನು ಮಲಗಿಸಿಡಬೇಕಿತ್ತು. ನಿಲ್ಲಿಸಿಟ್ಟರೆ ಕಾರ್ಕ್ ಒಣಗಿ ಗಾಳಿ ಒಳಹೋಗುತ್ತದೆ. ನೀವೇ ತೆರೆದು ಮೂಸಿ ನೋಡಿ. ಕೊಯ್ದಿಟ್ಟು ಕಪ್ಪಾದ ಸೇಬಿನ ವಾಸನೆಯೋ ವಿನಿಗರ್ ಘಾಟೋ ಬಂದರೆ ಚೆಲ್ಲಿ. ಅದು ವಿಷವೇನಲ್ಲ, ರುಚಿ ಹೋಗಿದೆ ಅಷ್ಟೆ. ಹುಡುಗನಿಗೆ 21 ದಾಟಿದ್ದು, ಕುಡಿಯುವ ಅಭ್ಯಾಸವೂ ಇದ್ದರೆ ಹೊಸದೊಂದು ಕೊಡಿ. ಅಭ್ಯಾಸ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಅಂಗಿಬಟ್ಟೆ ವಾಸಿ.

ಪ್ರಶ್ನೆ: ಕೊಡಗಿನ ಪ್ರವಾಸದಲ್ಲಿ "ಹೋಮ್ ಮೇಡ್ ವೈನ್" ಅಂತ ನಾಲ್ಕು ಬಾಟಲಿ ತಂದಿದ್ದೇವೆ. ಲೇಬಲ್‌ನಲ್ಲಿ ಹಣ್ಣಿನ ಚಿತ್ರ ಬಿಟ್ಟರೆ ಏನೂ ಇಲ್ಲ. ಹಂಚಬಹುದೆ?
– ಓದುಗರು, ಹೊಸನಗರ

ಉತ್ತರ: ತಯಾರಕರ ವಿಳಾಸ, ಆಲ್ಕೋಹಾಲ್ ಪ್ರಮಾಣ, ತಯಾರಿಸಿದ ತಿಂಗಳು, ಯಾವುದೂ ಇಲ್ಲದ ಬಾಟಲಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ಪರವಾನಗಿ ಇಲ್ಲದೆ ವೈನ್ ಮಾಡಿ ಮಾರುವುದು ಅಬಕಾರಿ ಕಾನೂನಿನಲ್ಲಿ ಅಪರಾಧ. ಜೊತೆಗೆ ಇಂಥವು ಎಷ್ಟೋ ಸಲ ಬಾಟಲಿಯೊಳಗೆ ಇನ್ನೂ ಹುಳಿಯುತ್ತಲೇ ಇರುತ್ತವೆ. ಅನಿಲ ತುಂಬಿ ಮುಚ್ಚಳ ಹಾರುತ್ತದೆ, ಒಮ್ಮೊಮ್ಮೆ ಗಾಜೇ ಒಡೆಯುತ್ತದೆ. ಅಡುಗೆಮನೆ ಕಪಾಟಿನಲ್ಲಿ ಇಟ್ಟಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಹಂಚಲೇಬೇಕೆಂದಿದ್ದರೆ ನಿಮ್ಮೂರಿನ ಅಪ್ಪೆಮಿಡಿ ಉಪ್ಪಿನಕಾಯಿ ಇದೆಯಲ್ಲ, ಅದಕ್ಕೆ ಬೇಡ ಅನ್ನುವವರನ್ನು ನಾನಂತೂ ಕಂಡಿಲ್ಲ.