ಸಂಪಾದಕರ ಉತ್ತರ: ಬ್ರಿಟನ್ನಿಗೆ ಹೊರಟ ವೈದ್ಯರಿಗೆ

ಪ್ರಿಯ ಡಾಕ್ಟರೇ,

ಎಂಬಿಬಿಎಸ್, ಇಂಟರ್ನ್‌ಶಿಪ್ ಮುಗಿಸಿ ಎರಡು ವರ್ಷದಿಂದ ಆಸ್ಪತ್ರೆಯಲ್ಲಿ ದುಡಿಯುತ್ತಿರುವ ನೀವು ಬ್ರಿಟನ್ನಿನಲ್ಲಿ ವೃತ್ತಿ ನಡೆಸಬೇಕೆಂದಿದ್ದೀರಿ. ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಟ್ಟು 8 ಬಂದಿದೆ, ಬರವಣಿಗೆಯಲ್ಲಿ ಮಾತ್ರ 6.5, ಸಾಕೇ? ಪದವಿ ಪತ್ರದಲ್ಲಿರುವ ಇನಿಶಿಯಲ್ ಪಾಸ್‌ಪೋರ್ಟಿನಲ್ಲಿ ತಂದೆಯವರ ಪೂರ್ತಿ ಹೆಸರಾಗಿದೆ, ತೊಂದರೆಯಾದೀತೇ? ನೋಂದಣಿ, ವೃತ್ತಿ ನಡತೆ ಸರಿಯಿದೆಯೆಂದು ವೈದ್ಯಕೀಯ ಮಂಡಳಿ ಕೊಡುವ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟನ್ನು ಈಗಲೇ ಮಾಡಿಸಿಟ್ಟುಕೊಳ್ಳಲೇ?

6.5 ಸಾಲದು. ಅಲ್ಲಿ ವೈದ್ಯರ ನೋಂದಣಿ ಮಾಡುವ ಜನರಲ್ ಮೆಡಿಕಲ್ ಕೌನ್ಸಿಲ್ ಕೇಳುವುದು ಅಕಾಡೆಮಿಕ್ ಪರೀಕ್ಷೆಯಲ್ಲಿ ಒಟ್ಟು 7.5, ನಾಲ್ಕೂ ವಿಭಾಗಗಳಲ್ಲಿ ಕನಿಷ್ಠ 7, ಅದೂ ಒಂದೇ ಸಲಕ್ಕೆ. ಬರವಣಿಗೆಯಲ್ಲೇ ಎಡವುವವರಿಗೆ, ಆರೋಗ್ಯ ವೃತ್ತಿಯವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ವಾಸಿ ಎಂಬುದು ನಮ್ಮ ಅಭಿಪ್ರಾಯ. ಅದರ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಬಂಧದ ಬದಲು ರೋಗಿಯ ಕೇಸ್ ನೋಟ್ಸ್ ನೋಡಿ ರೆಫರಲ್ ಪತ್ರ ಬರೆಯಬೇಕು. ಅದು ನಿಮ್ಮ ದಿನನಿತ್ಯದ ಕೆಲಸವೇ. ಅಲ್ಲಿ ನಾಲ್ಕರಲ್ಲೂ ಬಿ ಗ್ರೇಡ್ ಬೇಕು.

ಹೆಸರಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಪದವಿಯ ದಾಖಲೆ ಎಪಿಕ್ ಎಂಬ ವ್ಯವಸ್ಥೆಯ ಮೂಲಕ ನಿಮಗೆ ಪದವಿ ಕೊಟ್ಟ ಸಂಸ್ಥೆಗೇ ಹೋಗುತ್ತದೆ, ಅವರು ಹೌದೆಂದು ನೇರವಾಗಿ ಉತ್ತರಿಸಬೇಕು. ಪಾಸ್‌ಪೋರ್ಟಿನ ಹೆಸರಿಗೂ ಪದವಿ ಪತ್ರದ ಹೆಸರಿಗೂ ತಾಳೆಯಾಗದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಎರಡೂ ಹೆಸರು ಒಬ್ಬರದೇ ಎಂದು ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ, ಸಹಿ ಮೊಹರಿನೊಂದಿಗೆ ಪತ್ರ ಪಡೆಯಿರಿ. ಈ ಕೆಲಸವನ್ನು ಇವತ್ತೇ ಶುರು ಮಾಡಿ. ಪರಿಶೀಲನೆ ಎಷ್ಟು ಬೇಗ ಮುಗಿಯುತ್ತದೆಂಬುದು ನಿಮ್ಮ ಕೈಯಲ್ಲಿಲ್ಲ, ಆ ಕಚೇರಿಯಲ್ಲಿ ಉತ್ತರಿಸುವವರ ಕೈಯಲ್ಲಿದೆ.

ಸರ್ಟಿಫಿಕೇಟ್ ಮಾತ್ರ ಈಗ ಬೇಡ. ಅದಕ್ಕೆ ಮೂರೇ ತಿಂಗಳ ಆಯುಷ್ಯ. ವಿದೇಶಿ ಪದವಿಯ ವೈದ್ಯರಿಗೆ ಕೌನ್ಸಿಲ್ ನಡೆಸುವ ಪ್ಲ್ಯಾಬ್ ಪರೀಕ್ಷೆಯ ಎರಡೂ ಭಾಗ ಪಾಸಾಗಿ ನೋಂದಣಿ ಅರ್ಜಿ ಹಾಕುವ ಹೊತ್ತಿಗೆ ಕೈಗೆ ಬರುವಂತೆ ನೋಡಿಕೊಳ್ಳಿ. ಕಳೆದ ಐದು ವರ್ಷಗಳಲ್ಲಿ ಬೇರೆ ದೇಶದಲ್ಲೂ ಕೆಲಸ ಮಾಡಿದ್ದರೆ ಅಲ್ಲಿಂದಲೂ ತರಿಸಬೇಕಾಗುತ್ತದೆ.

ನೀವು ಕೇಳದಿದ್ದರೂ ಪ್ಲ್ಯಾಬ್ ಬಗ್ಗೆ ಹೇಳಲೇಬೇಕು. ಮೊದಲ ಭಾಗದಲ್ಲಿ ಮೂರು ಗಂಟೆಗೆ 180 ಪ್ರಶ್ನೆ, ಅಂದರೆ ಒಂದಕ್ಕೆ ಒಂದು ನಿಮಿಷ. ತಪ್ಪಿಗೆ ಅಂಕ ಕಡಿತವಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ. ಇದು ಪಾಸಾದ ಎರಡು ವರ್ಷದೊಳಗೆ ಎರಡನೆಯದನ್ನು ಮುಗಿಸಬೇಕು.

ಎರಡನೇ ಭಾಗ ನಡೆಯುವುದು ಮ್ಯಾಂಚೆಸ್ಟರ್‌ನಲ್ಲಿ ಮಾತ್ರ, ಚೆನ್ನಾಗಿ ಓದಿದವರೂ ಕೈಸುಟ್ಟುಕೊಳ್ಳುವುದು ಇಲ್ಲೇ. 16 ಸ್ಟೇಷನ್‌ಗಳು, ಅಂದರೆ ಆಸ್ಪತ್ರೆಯ ಒಂದೊಂದು ಸನ್ನಿವೇಶವನ್ನು ನಿಭಾಯಿಸಬೇಕಾದ ಕೊಠಡಿಗಳು. ಬಾಗಿಲ ಹೊರಗೆ ಒಂದೂವರೆ ನಿಮಿಷ ಓದಲು, ಒಳಗೆ ಎಂಟು ನಿಮಿಷ. ಎದೆನೋವಿನ ರೋಗಿ ಎದುರಿಗಿದ್ದಾರೆ ಎನ್ನಿ. ಹಿಸ್ಟರಿ ಕೇಳುವುದರಲ್ಲೇ ಆರು ನಿಮಿಷ ಕಳೆದರೆ ಚಿಕಿತ್ಸೆಯ ಯೋಜನೆ ಹೇಳಲು ಸಮಯವೇ ಉಳಿಯದು. ಆದರೆ ಮಾಹಿತಿ ಸಂಗ್ರಹ, ಚಿಕಿತ್ಸೆ, ರೋಗಿಯೊಂದಿಗಿನ ನಡವಳಿಕೆ, ಈ ಮೂರಕ್ಕೂ ಸಮ ಅಂಕ. ನಾಲ್ಕನೇ ನಿಮಿಷಕ್ಕೆ ಪ್ರಶ್ನೆ ನಿಲ್ಲಿಸುವ ಅಭ್ಯಾಸವನ್ನು ಗಡಿಯಾರ ಇಟ್ಟುಕೊಂಡು, ಜೊತೆಗಾರರ ಮುಂದೆ ಮಾಡಿ. "ನಿಮಗೆ ಯಾವುದರ ಭಯವಿದೆ?" ಎಂದು ಒಮ್ಮೆಯಾದರೂ ಕೇಳಿ, ಬಂದ ಉತ್ತರವನ್ನು ಹಿಡಿದೇ ಮುಂದೆ ಮಾತಾಡಿ. ಬಾಯಿಪಾಠದ ಸಾಂತ್ವನ ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಅಭ್ಯಾಸ ಬಿಡಬೇಕು. ರೋಗ ಏನೆಂದು ಮನೆಯವರಿಗೆ ಮೊದಲು ಹೇಳುವುದು ನಮ್ಮ ದೇಶದಲ್ಲಿ ನಡೆಯುತ್ತದೆ. ಅಲ್ಲಿ ರೋಗಿಯ ಒಪ್ಪಿಗೆಯಿಲ್ಲದೆ ಮಗನಿಗೂ ಹೇಳುವಂತಿಲ್ಲ, ಆತ ಎಷ್ಟೇ ಒತ್ತಾಯಿಸಲಿ.

ನೋಂದಣಿಯ ಜೊತೆಗೆ ವೃತ್ತಿ ಪರವಾನಗಿಯೂ ಕೈಸೇರಿದ ಮೇಲೆ, ಪರವಾನಗಿ ಮುಂದುವರಿಸಲು ನಿಯತವಾಗಿ ನಡೆಯುವ ಮರುಮೌಲ್ಯಮಾಪನ ಮೊದಲ ಸಲ ಆಗುವವರೆಗೆ ಕೌನ್ಸಿಲ್ ಅನುಮೋದಿಸಿದ ಸಂಸ್ಥೆಯಲ್ಲೇ ಕೆಲಸ ಮಾಡಬೇಕು. ಕೆಲಸದ ಆಫರ್ ಒಪ್ಪುವ ಮುನ್ನ ಆ ಸಂಸ್ಥೆ ಅನುಮೋದಿತವಾದವುಗಳಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

– ಸಂಪಾದಕ